ಹಳೆಯ ವಿಮಾ ಪಾಲಿಸಿ, ವಿಷವುಂಡ ನೆಲ: ಅಮೆರಿಕದಲ್ಲಿ ಶುದ್ಧೀಕರಣದ ಹಣ ಹುಟ್ಟುವ ಬಗೆ

ಡ್ರೈ ಕ್ಲೀನಿಂಗ್ ಅಂಗಡಿಗಳಲ್ಲಿ ಬಳಸುವ ಪರ್ಕ್ಲೋರೋಎಥಿಲೀನ್, ಆಡುಮಾತಿನಲ್ಲಿ ‘ಪರ್ಕ್’, ನೀರಿಗಿಂತ ಭಾರವಾದ ದ್ರಾವಕ. ಒಂದು ಲೀಟರು ಸುಮಾರು 1.6 ಕೆ.ಜಿ. ತೂಗುತ್ತದೆ. ನೆಲಕ್ಕೆ ಚೆಲ್ಲಿದ್ದು ಕಾಂಕ್ರೀಟಿನ ಬಿರುಕಿನಲ್ಲಿ, ಚರಂಡಿ ಪೈಪಿನ ಸಂದಿಯಲ್ಲಿ ಇಳಿಯುತ್ತದೆ. ಅಂತರ್ಜಲ ಸಿಕ್ಕರೂ ತೇಲುವುದಿಲ್ಲ, ಇನ್ನೂ ಕೆಳಗಿಳಿದು ಜೇಡಿಮಣ್ಣಿನ ಪದರದ ಮೇಲೆ ಕೂರುತ್ತದೆ. ಅಲ್ಲಿಂದ ದಶಕಗಟ್ಟಲೆ ಸ್ವಲ್ಪಸ್ವಲ್ಪವೇ ಕರಗುತ್ತಾ ನೀರಿನ ಜೊತೆ ಹರಿಯುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇದರ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಒಂದೇ ಲೀಟರ್ ಪರ್ಕ್ ಸುಮಾರು 32 ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. ಲೋಹದ ಭಾಗಗಳ ಜಿಡ್ಡು ತೆಗೆಯಲು ಕಾರ್ಖಾನೆಗಳು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ, ಇದೇ ಜಾತಿಯದು. ಅದಕ್ಕೂ ಮಿತಿ 5 ಮೈಕ್ರೋಗ್ರಾಂ.

ಇಂಥ ನೆಲವನ್ನು ಶುದ್ಧ ಮಾಡುವ ಖರ್ಚು ಎಷ್ಟೋ ಸಲ ಆ ಜಾಗದ ಬೆಲೆಯನ್ನೇ ಮೀರುತ್ತದೆ. ಸಣ್ಣ ಅಂಗಡಿ, ಸಣ್ಣ ಕಾರ್ಖಾನೆಯ ಮಾಲೀಕರು ಎಲ್ಲವನ್ನೂ ಮಾರಿದರೂ ಅಷ್ಟು ಹಣ ಹುಟ್ಟುವುದಿಲ್ಲ. ಆ ಹಣ ಇರಬಹುದಾದ ಒಂದು ಜಾಗ ಮಾತ್ರ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಅದು 1950, 60, 70ರ ದಶಕಗಳಲ್ಲಿ ಕೊಂಡು, ಪ್ರೀಮಿಯಂ ಕಟ್ಟಿ, ಅವಧಿ ಮುಗಿಯಿತೆಂದು ಮರೆತುಬಿಟ್ಟ ಸಾಮಾನ್ಯ ಹೊಣೆಗಾರಿಕೆ ಪಾಲಿಸಿ, ಅಂದರೆ ವ್ಯವಹಾರದಿಂದ ಇತರರಿಗಾದ ಹಾನಿಯ ಹೊಣೆ ಹೊರುವ ವಿಮೆ.

ಕಾನೂನು ಯಾರನ್ನು ಹಿಡಿಯುತ್ತದೆ

ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್ ಬಡಾವಣೆಯ ಅಡಿಯಲ್ಲಿ ಹೂತಿದ್ದ ರಾಸಾಯನಿಕ ಕಸ ಮನೆಗಳೊಳಗೆ ಜಿನುಗಿದ್ದು 1978ರಲ್ಲಿ ದೇಶವ್ಯಾಪಿ ಸುದ್ದಿಯಾಯಿತು. ಅದರ ಬೆನ್ನಿಗೆ 1980ರ ಡಿಸೆಂಬರಿನಲ್ಲಿ ‘ಸೂಪರ್‌ಫಂಡ್’ ಎಂದು ಹೆಸರಾದ ಕೇಂದ್ರ ಕಾನೂನು ಬಂತು. ಇಂದಿನ ಮಾಲೀಕ, ಕಸ ಸುರಿದ ಕಾಲದ ಮಾಲೀಕ, ಕಸ ಕಳಿಸಿದವನು, ಸುರಿಯುವ ಜಾಗ ತಾನೇ ಆರಿಸಿ ಸಾಗಿಸಿದವನು, ಇವರೆಲ್ಲರನ್ನೂ ಅದು ಹೊಣೆ ಮಾಡುತ್ತದೆ. ತಪ್ಪು ಮಾಡಿದ್ದೀರೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಕಸ ಸುರಿದ ದಿನ ಅದು ಕಾನೂನುಬದ್ಧವೇ ಆಗಿದ್ದರೂ ಬಿಡುಗಡೆಯಿಲ್ಲ. ಹಾನಿಯನ್ನು ಪಾಲು ಮಾಡಲು ಬಾರದಿದ್ದರೆ ಒಬ್ಬರಿಂದಲೇ ಪೂರ್ತಿ ಖರ್ಚು ವಸೂಲಿ ಮಾಡಲು ಅವಕಾಶವಿದೆ. ರಾಜ್ಯಗಳೂ ಇದೇ ಧಾಟಿಯ ಕಾನೂನು ಮಾಡಿಕೊಂಡಿವೆ. ಪೆಟ್ರೋಲಿಯಂ ಸೂಪರ್‌ಫಂಡ್ ವ್ಯಾಪ್ತಿಗೆ ಬರುವುದಿಲ್ಲ. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕುಗಳಿಗೆ ಬೇರೆ ನಿಯಮಗಳಿವೆ.

ಅಮೆರಿಕದಲ್ಲಿ ಹಳೆಯ ಬಂಕು, ಲಾಂಡ್ರಿ, ಸಣ್ಣ ಕಾರ್ಖಾನೆ ಕೊಳ್ಳಲು ಹೊರಡುವ ಕನ್ನಡಿಗರು ‘ಇಂದಿನ ಮಾಲೀಕ’ ಎಂಬ ಮಾತನ್ನು ಗಮನಿಸಬೇಕು. ಕೊಳ್ಳುವ ಮುನ್ನ ನಿಯಮದ ಪ್ರಕಾರ ಜಾಗದ ಇತಿಹಾಸ ತನಿಖೆ ಮಾಡಿಸಿದವರಿಗೆ 2002ರ ತಿದ್ದುಪಡಿ ಒಂದಷ್ಟು ರಕ್ಷಣೆ ಕೊಟ್ಟಿದೆ. ತನಿಖೆ ಬಿಟ್ಟು ಕೊಂಡವರಿಗೆ ಆ ರಕ್ಷಣೆ ಇಲ್ಲ.

ಮುಗಿದ ಪಾಲಿಸಿ ಇಂದು ಹೇಗೆ ಕೊಡುತ್ತದೆ

ಕಾರಿನ ಅಥವಾ ಆರೋಗ್ಯದ ವಿಮೆಗೆ ಒಗ್ಗಿದವರಿಗೆ ಅವಧಿ ಮುಗಿದ ಪಾಲಿಸಿ ಸತ್ತ ಕಾಗದ. ಆಗಿನ ಸಾಮಾನ್ಯ ಹೊಣೆಗಾರಿಕೆ ಪಾಲಿಸಿಯ ಕಟ್ಟುವಿಕೆಯೇ ಬೇರೆ. ಕ್ಲೇಮು ಯಾವಾಗ ಬಂತು ಎಂದು ಅದು ಕೇಳುವುದಿಲ್ಲ, ಹಾನಿ ಯಾವಾಗ ಆಯಿತು ಎಂದು ಕೇಳುತ್ತದೆ. 1966ರಲ್ಲಿ ಪರಿಷ್ಕೃತವಾದ ಮಾದರಿ ಪಾಲಿಸಿ, ನಿರಂತರವಾಗಿ ಅಥವಾ ಮತ್ತೆಮತ್ತೆ ಸೋಂಕಿ ಆಗುವ ಹಾನಿಯನ್ನೂ ಘಟನೆ ಎಂದೇ ಎಣಿಸಿತು. ಪಾಲಿಸಿದಾರ ಅದನ್ನು ನಿರೀಕ್ಷಿಸಿರಬಾರದು, ಉದ್ದೇಶಿಸಿರಬಾರದು, ಅಷ್ಟೇ. 1968ರಲ್ಲಿ ದ್ರಾವಕ ಅಂತರ್ಜಲ ಸೇರಿದ್ದು ಇವತ್ತು ಗೊತ್ತಾದರೂ ಉತ್ತರ ಕೊಡಬೇಕಾದದ್ದು 1968ರ ಪಾಲಿಸಿ.

ಒಂದೇ ಮಾಲಿನ್ಯ ವರ್ಷವರ್ಷವೂ ಹಾನಿ ಮಾಡುತ್ತಾ ಹೋಗುವುದರಿಂದ ಅಷ್ಟೂ ವರ್ಷಗಳ ಪಾಲಿಸಿಗಳು ಎಚ್ಚರಗೊಳ್ಳುತ್ತವೆ ಎಂಬ ವಾದ ಹಲವು ರಾಜ್ಯಗಳಲ್ಲಿ ಗೆದ್ದಿದೆ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1995ರಲ್ಲಿ ಮಾಂಟ್ರೋಸ್ ಕೆಮಿಕಲ್ ಪ್ರಕರಣದಲ್ಲಿ ಇದನ್ನು ಒಪ್ಪಿತು.

ಪಾಲಿಸಿಯ ಇಸವಿ ನೋಡಿದರೆ ಅದರ ಬಲ ಅರ್ಧ ಗೊತ್ತಾಗುತ್ತದೆ. 1970ಕ್ಕೆ ಮುಂಚಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮಾಲಿನ್ಯದ ವಿನಾಯಿತಿ ಷರತ್ತೇ, ಅಂದರೆ ಮಾಲಿನ್ಯದ ಹಾನಿಗೆ ವಿಮಾ ಕಂಪನಿ ಹಣ ಕೊಡಬೇಕಿಲ್ಲ ಎನ್ನುವ ಷರತ್ತೇ, ಇರುವುದಿಲ್ಲ. ಅವೇ ಎಲ್ಲಕ್ಕಿಂತ ಬೆಲೆಬಾಳುವವು. 1970ರಿಂದ 1985ರವರೆಗಿನವುಗಳಲ್ಲಿ ಮಾಲಿನ್ಯಕ್ಕೆ ವಿಮೆ ಇಲ್ಲ, ಆದರೆ ಸೋರಿಕೆ ‘ಹಠಾತ್ ಮತ್ತು ಆಕಸ್ಮಿಕ’ ಆಗಿದ್ದರೆ ಉಂಟು ಎಂಬ ಷರತ್ತು ಬಂತು. 1986ರ ಹೊತ್ತಿಗೆ ‘ಸಂಪೂರ್ಣ’ ಮಾಲಿನ್ಯ ವಿನಾಯಿತಿ ಬಂದು ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಮಧ್ಯದ ಆ ಹದಿನೈದು ವರ್ಷಗಳ ಮೇಲೆ ನಡೆದ ಜಗಳ ದೊಡ್ಡದು. ವರ್ಷಗಟ್ಟಲೆ ಹನಿಹನಿಯಾಗಿ ಸೋರಿದ್ದು ಹಠಾತ್ ಹೇಗಾಗುತ್ತದೆ ಎಂದು ವಿಮಾ ಕಂಪನಿಗಳು ಕೇಳಿದವು. ಮಿಷಿಗನ್ನಿನ ಕೋರ್ಟು 1991ರಲ್ಲಿ ಅವರ ಪರ ನಿಂತಿತು. ಜಾರ್ಜಿಯಾದ ಕೋರ್ಟು 1989ರಲ್ಲಿ, ‘ಹಠಾತ್’ ಎಂಬ ಪದಕ್ಕೆ ‘ಅನಿರೀಕ್ಷಿತ’ ಎಂಬ ಅರ್ಥವೂ ಸಲ್ಲುತ್ತದೆ, ಅನುಮಾನದ ಲಾಭ ಪಾಲಿಸಿದಾರನಿಗೆ ಎಂದಿತು. ನ್ಯೂಜೆರ್ಸಿ ಹಿಡಿದ ದಾರಿ ಮೂರನೆಯದು. ಬೆರೀಸ್ ಕ್ರೀಕ್ ಎಂಬ ತೊರೆಯ ಪಾದರಸ ಮಾಲಿನ್ಯದ ಮಾರ್ಟನ್ ಪ್ರಕರಣದಲ್ಲಿ (1993) ಕೋರ್ಟು ಹಳೆಯ ಕಡತ ತೆಗೆಸಿ ನೋಡಿತು. ಹೊಸ ಷರತ್ತಿಗೆ ಒಪ್ಪಿಗೆ ಕೇಳುವಾಗ ವಿಮಾ ಉದ್ಯಮ, ಇದು ಇರುವ ರಕ್ಷಣೆಯ ಸ್ಪಷ್ಟೀಕರಣ ಮಾತ್ರ ಎಂಬಂತೆ ಸರ್ಕಾರಿ ನಿಯಂತ್ರಕರಿಗೆ ಹೇಳಿಕೊಂಡಿತ್ತು. ಅಂದು ಹಾಗೆ ಹೇಳಿ ಇಂದು ಅದೇ ಷರತ್ತಿನಿಂದ ರಕ್ಷಣೆ ಕಿತ್ತುಕೊಳ್ಳಲು ಬಿಡುವುದಿಲ್ಲ ಎಂದಿತು ಕೋರ್ಟು. ಈ ಇಡೀ ಕ್ಷೇತ್ರದ ಅತ್ಯಂತ ನ್ಯಾಯವಾದ ತೀರ್ಪುಗಳಲ್ಲಿ ಇದೊಂದು, ಆದರೆ ಬೇರೆ ರಾಜ್ಯಗಳು ಹೆಚ್ಚಾಗಿ ಇದನ್ನು ಹಿಂಬಾಲಿಸಲಿಲ್ಲ.

ಇಂಡಿಯಾನಾ ರಾಜ್ಯದ ಕಥೆ ಇನ್ನೂ ಬೇರೆ. ಇಂಡಿಯಾನಾಪೊಲಿಸ್‌ನಲ್ಲಿ ರಬ್ಬರ್ ಮೊಹರು, ಮುದ್ರಣದ ಪ್ಲೇಟು ತಯಾರಿಸುತ್ತಿದ್ದ ಫ್ಲೆಕ್ಸ್‌ಡಾರ್ ಎಂಬ ಕಾರ್ಖಾನೆಯ ಜಾಗದ ಒಳಗೂ ಹೊರಗೂ ಟಿಸಿಇ ಸಿಕ್ಕಿತು. ಅವರ ಪಾಲಿಸಿಯಲ್ಲಿದ್ದದ್ದು 1986ರ ನಂತರದ ಸಂಪೂರ್ಣ ವಿನಾಯಿತಿ. ಆದರೂ 2012ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 3-2 ಬಹುಮತದಲ್ಲಿ ವಿಮೆ ಸಲ್ಲುತ್ತದೆ ಎಂದಿತು. ಮಾಲಿನ್ಯಕಾರಕ ಎಂದರೆ ಯಾವ ವಸ್ತು ಎಂದು ಪಾಲಿಸಿ ನಿರ್ದಿಷ್ಟವಾಗಿ ಹೇಳಿಲ್ಲ. ಅಕ್ಷರಶಃ ಓದಿದರೆ ಎಲ್ಲ ರಾಸಾಯನಿಕವೂ ಸೇರಿ ವಿಮೆಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಕಾರಣ. ಪೆಟ್ರೋಲ್ ಬಂಕೊಂದರ ಸೋರಿಕೆಯ ಕೈಗರ್ ಪ್ರಕರಣದಲ್ಲಿ (1996) ಹಿಡಿದಿದ್ದ ನಿಲುವೇ ಇದು. ಆದ್ದರಿಂದ ಯಾವ ರಾಜ್ಯದ ಕಾನೂನು ಅನ್ವಯಿಸುತ್ತದೆ ಎಂಬುದು ವಕೀಲರು ಮೊದಲ ದಿನವೇ ನೋಡುವ ಸಂಗತಿ.

ಕಾಗದ ಹುಡುಕುವ ಕೆಲಸ

ಐವತ್ತು ವರ್ಷದ ಹಿಂದಿನ ಪಾಲಿಸಿಯನ್ನು ಜೋಪಾನ ಮಾಡಿದ ಕಂಪನಿ ಅಪರೂಪ. ಕಡತ ಹುಡುಕುವುದನ್ನೇ ಕಸುಬಾಗಿಸಿಕೊಂಡವರು ಅಲ್ಲಿದ್ದಾರೆ, ಅವರನ್ನು ವಿಮಾ ಪುರಾತತ್ತ್ವಜ್ಞರು ಎಂದೇ ಕರೆಯುತ್ತಾರೆ. ಮೂಲ ಪಾಲಿಸಿ ಸಿಗದಿದ್ದರೂ ಅದು ಇತ್ತು ಎಂದು ಬೇರೆ ದಾಖಲೆಗಳಿಂದ ಸಾಬೀತು ಮಾಡಬಹುದು. ದುರುದ್ದೇಶದಿಂದ ನಾಶ ಮಾಡಿರದಿದ್ದರೆ, ಕಳೆದುಹೋದ ದಾಖಲೆಯ ಒಕ್ಕಣೆಯನ್ನು ಇತರ ಸಾಕ್ಷ್ಯದಿಂದ ತೋರಿಸಲು ಕೇಂದ್ರ ಸಾಕ್ಷ್ಯ ನಿಯಮ ಅವಕಾಶ ಕೊಡುತ್ತದೆ. 1998ಕ್ಕೆ ಮುಂಚೆ ತಯಾರಾದ ಹಳೆಯ ದಾಖಲೆಗಳಿಗೆ ವಿಶೇಷ ಮನ್ನಣೆಯೂ ಉಂಟು.

ಸಾಬೀತಾಗಬೇಕಾದದ್ದು ವಿಮಾ ಕಂಪನಿಯ ಹೆಸರು, ಅವಧಿ, ಪರಿಹಾರದ ಮಿತಿ ಮತ್ತು ಒಕ್ಕಣೆ. ಒಕ್ಕಣೆ ಅಷ್ಟು ಕಷ್ಟವಲ್ಲ, ಏಕೆಂದರೆ ಹೆಚ್ಚಿನ ಕಂಪನಿಗಳು ಉದ್ಯಮದ ಮಾದರಿ ನಮೂನೆಯನ್ನೇ ಬಳಸುತ್ತಿದ್ದವು. ಆ ವರ್ಷದ ನಮೂನೆ ತೋರಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಹೆಣಗಾಡಬೇಕಾಗುವುದು ಮಿತಿಯ ಅಂಕಿ ಮತ್ತು ಪಾಲಿಸಿ ಸಂಖ್ಯೆಗೆ.

ಹುಡುಕಾಟ ಕಂಪನಿಯ ಕಪಾಟಿಗೇ ನಿಲ್ಲಬಾರದು. ಲೆಡ್ಜರಿನ ಪ್ರೀಮಿಯಂ ನಮೂದು, ಲೆಕ್ಕಪರಿಶೋಧಕರ ಕಾಗದಗಳು, ಆಡಳಿತ ಮಂಡಳಿಯ ನಡಾವಳಿ, ರದ್ದಾದ ಚೆಕ್ಕು, ಏಜೆಂಟರ ಪತ್ರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೊರಗಿನವರ ಕಡತಗಳಲ್ಲಿ ಹೆಚ್ಚು ಸಿಗುತ್ತದೆ. ಕಟ್ಟಡ ಬಾಡಿಗೆಗೆ ಕೊಟ್ಟವರು, ಸಾಲ ಕೊಟ್ಟ ಬ್ಯಾಂಕು, ಗುತ್ತಿಗೆ ಕೊಟ್ಟ ನಗರಸಭೆ ಇವರೆಲ್ಲ ಆಗ ವಿಮಾ ಪ್ರಮಾಣಪತ್ರ ಕೇಳಿ ಪಡೆಯುತ್ತಿದ್ದರು. ಆ ಒಂದು ಪುಟದಲ್ಲಿ ಕಂಪನಿ, ಪಾಲಿಸಿ ಸಂಖ್ಯೆ, ಅವಧಿ, ಮಿತಿ ನಾಲ್ಕೂ ಇರುತ್ತವೆ. 1968ರಲ್ಲಿ ಯಾರೋ ಗಿರಾಕಿ ಅಂಗಡಿಯಲ್ಲಿ ಜಾರಿ ಬಿದ್ದು ದಾವೆ ಹೂಡಿದ್ದರೆ, ಅಂಗಡಿಯ ಪರ ವಕೀಲರನ್ನು ಇಟ್ಟ ವಿಮಾ ಕಂಪನಿ ಯಾವುದು ಎಂಬುದು ಆ ಕೋರ್ಟ್ ಕಡತದಿಂದ ತಿಳಿಯಬಹುದು. ಮೊದಲು ಹಣ ಕೊಡುವ ಪ್ರಾಥಮಿಕ ಪಾಲಿಸಿಯ ಮಿತಿ ಮುಗಿದ ಮೇಲೆ ಕೊಡುವುದು ಮೇಲುಹಂತದ ಪಾಲಿಸಿ; ಅದರ ಪಟ್ಟಿಯಲ್ಲಿ ಕೆಳಗಿನ ಪ್ರಾಥಮಿಕ ಪಾಲಿಸಿಗಳ ವಿವರ ಇರುತ್ತದೆ. ಒಂದು ಸಿಕ್ಕರೆ ಇನ್ನೊಂದರ ಜಾಡು ಸಿಗುತ್ತದೆ.

ಸಿಕ್ಕಿದ್ದನ್ನೆಲ್ಲ ಒಂದು ನಕ್ಷೆಗೆ ಇಳಿಸಬೇಕು. ಅಡ್ಡಕ್ಕೆ ವರ್ಷಗಳು, ಉದ್ದಕ್ಕೆ ಪದರಗಳು: ಅಡಿಯಲ್ಲಿ ಪ್ರಾಥಮಿಕ, ಮೇಲೆ ಅಂಬ್ರೆಲಾ, ಅದರ ಮೇಲೆ ಹೆಚ್ಚುವರಿ ಪಾಲಿಸಿಗಳು. ಪ್ರತಿ ಚೌಕದಲ್ಲಿ ಕಂಪನಿ, ಮಿತಿ ಮತ್ತು ಆ ಕಂಪನಿ ಇಂದು ಯಾರ ಕೈಯಲ್ಲಿದೆ ಎಂಬುದು. ಇಲ್ಲಿ ಎಡವುವವರು ಬಹಳ. ಈಟ್ನಾ ಕ್ಯಾಶುವಾಲ್ಟಿಯ ಹಳೆಯ ಪಾಲಿಸಿಗಳ ವಾರಸುದಾರ ಇಂದು ಟ್ರಾವೆಲರ್ಸ್. ಯುಎಸ್‌ಎಫ್‌ ಅಂಡ್‌ ಜಿ ಕಂಪನಿ 1998ರಲ್ಲಿ ಸೇಂಟ್ ಪಾಲ್ ಕೈಗೆ ಹೋಗಿ, ಅದೂ 2004ರಲ್ಲಿ ಟ್ರಾವೆಲರ್ಸ್ ಜೊತೆ ಸೇರಿತು. ಹೋಮ್ ಇನ್ಶೂರೆನ್ಸ್ 2003ರಲ್ಲಿ, ರಿಲಯನ್ಸ್ 2001ರಲ್ಲಿ ಸಮಾಪನಕ್ಕೆ ಹೋದವು (ಇದು ಅಮೆರಿಕದ ರಿಲಯನ್ಸ್, ನಮ್ಮ ದೇಶದ್ದಲ್ಲ). ಮುಳುಗಿದ ಕಂಪನಿಯ ಮುಂದೆ ಕ್ಲೇಮು ಹಾಕಲು ಕೊನೆಯ ದಿನಾಂಕ ಇರುತ್ತದೆ, ಅದು ದಾಟಿದರೆ ಆ ಚೌಕ ಖಾಲಿಯಾದಂತೆಯೇ.

ಮೊದಲು ನೋಟಿಸ್, ಆಮೇಲೆ ಖರ್ಚು

ಹೆಚ್ಚಿನ ಹಣ ಕಳೆದುಹೋಗುವುದು ಈ ಹಂತದಲ್ಲಿ. ಸರ್ಕಾರದ ಪತ್ರ ಬಂದೊಡನೆ ಒಳ್ಳೆಯ ಮನಸ್ಸಿನ ಮಾಲೀಕರು ಸಲಹೆಗಾರರನ್ನು ಕರೆದು ಬಾವಿ ಕೊರೆಸಲು ಶುರು ಮಾಡುತ್ತಾರೆ, ವಿಮೆಯ ನೆನಪಾಗುವುದು ಎರಡು ವರ್ಷ ಬಿಟ್ಟು. ನಮ್ಮನ್ನು ಕೇಳದೆ ನೀವಾಗಿಯೇ ಖರ್ಚು ಮಾಡಿಕೊಂಡರೆ ನಾವು ಹೊಣೆಯಲ್ಲ ಎಂಬ ಷರತ್ತು ಪಾಲಿಸಿಯಲ್ಲಿ ಇರುತ್ತದೆ. ಇಂಡಿಯಾನಾದಂಥ ಪಾಲಿಸಿದಾರರ ಪರವಾದ ರಾಜ್ಯದಲ್ಲೂ ಡ್ರೆಡೆಡ್ ಎಂಬ ಕಂಪನಿಯ ಪ್ರಕರಣದಲ್ಲಿ (2009) ಸುಪ್ರೀಂ ಕೋರ್ಟ್, ವಿಮಾ ಕಂಪನಿಗೆ ತಿಳಿಸುವ ಮುನ್ನ ಮೂರು ವರ್ಷಕ್ಕೂ ಮೇಲ್ಪಟ್ಟು ಮಾಡಿಕೊಂಡ ರಕ್ಷಣಾ ವೆಚ್ಚ (ಹೊಣೆಯ ವಿರುದ್ಧ ವಾದ ನಡೆಸಲು ವಕೀಲರು ಮೊದಲಾದವರಿಗೆ ಆಗುವ ಖರ್ಚು) ವಾಪಸ್ ಸಿಗುವುದಿಲ್ಲ ಎಂದು ಹೇಳಿಬಿಟ್ಟಿತು. ಪಾಲಿಸಿ ಪೂರ್ತಿ ಸಿಗುವವರೆಗೆ ಕಾಯಬೇಕಿಲ್ಲ. ಕಂಪನಿಯ ಹೆಸರು, ಅಂದಾಜು ವರ್ಷಗಳು ಇದ್ದರೆ ಸಾಕು. ಜಾಗದ ವಿಳಾಸ, ಸರ್ಕಾರದ ಪತ್ರದ ಪ್ರತಿ, ಗೊತ್ತಿರುವ ಎಲ್ಲ ಪಾಲಿಸಿಗಳ ಪಟ್ಟಿ ಸೇರಿಸಿ, ರಕ್ಷಣೆ ಮತ್ತು ಪರಿಹಾರ ಎರಡನ್ನೂ ಕೇಳಿ ಬರೆಯಬೇಕು. ನಕ್ಷೆಯಲ್ಲಿರುವ ಪ್ರತಿಯೊಂದು ಕಂಪನಿಗೂ, ಮೇಲುಪದರದವರಿಗೂ.

ರಕ್ಷಣೆ ಕೇಳುವುದಕ್ಕೆ ಬಲವಾದ ಕಾರಣ ಉಂಟು. ಹಳೆಯ ಪ್ರಾಥಮಿಕ ಪಾಲಿಸಿಗಳಲ್ಲಿ ರಕ್ಷಣಾ ವೆಚ್ಚ ಸಾಮಾನ್ಯವಾಗಿ ಮಿತಿಯ ಹೊರಗಿನದು. ಮಿತಿ ಬರೀ 1 ಲಕ್ಷ ಡಾಲರ್ ಇದ್ದರೂ ವಕೀಲರಿಗೆ 5 ಲಕ್ಷ ಖರ್ಚಾದರೆ ಅದನ್ನೂ ವಿಮಾ ಕಂಪನಿ ಕೊಟ್ಟು, ಮಿತಿಯ 1 ಲಕ್ಷ ಹಾಗೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದ ಏರೋಜೆಟ್ ಪ್ರಕರಣ (1997), ಹೊಣೆಯನ್ನು ತಪ್ಪಿಸಲು ಅಥವಾ ತಗ್ಗಿಸಲು ನೆರವಾಗುವ ಸ್ಥಳ ತನಿಖೆಯ ಖರ್ಚೂ ರಕ್ಷಣಾ ವೆಚ್ಚ ಆಗಬಹುದು ಎಂದಿದೆ. ಹೀಗಾಗಿ ಸಲಹೆಗಾರರ ಬಿಲ್ಲನ್ನು ಮೊದಲ ದಿನದಿಂದಲೇ ಎರಡು ಭಾಗ ಮಾಡಿಸಬೇಕು. ಮಾಲಿನ್ಯ ಎಲ್ಲಿಂದ ಬಂತು, ಎಷ್ಟು ಹರಡಿದೆ ಎಂದು ತಿಳಿಯಲು ಕೊರೆದ ಬಾವಿ, ಪ್ರಯೋಗಾಲಯದ ಶುಲ್ಕ ಒಂದು ಕಡೆ. ಮಣ್ಣು ಅಗೆದು ಸಾಗಿಸಿದ್ದು, ನೀರು ಪಂಪ್ ಮಾಡಿ ಶೋಧಿಸಿದ್ದು ಇನ್ನೊಂದು ಕಡೆ. ‘ಪರಿಸರ ಸೇವೆ’ ಎಂದು ಒಂದೇ ಸಾಲಿನಲ್ಲಿ ಬರೆದ ಬಿಲ್ಲು ಎಂದಿಗೂ ಸಲೀಸಾಗಿ ಪಾಸಾಗುವುದಿಲ್ಲ.

ಬರೀ ಇಲಾಖೆಯ ಪತ್ರ ಬಂದರೆ ಅದು ‘ದಾವೆ’ಯೇ, ಅದಕ್ಕೆ ರಕ್ಷಣೆ ಕೊಡಬೇಕೇ ಎಂಬುದರಲ್ಲೂ ರಾಜ್ಯಗಳು ಬೇರೆಬೇರೆ. ಮ್ಯಾಸಚೂಸೆಟ್ಸ್ ಹೌದೆಂದಿತು (1990), ಕ್ಯಾಲಿಫೋರ್ನಿಯಾ ಇಲ್ಲವೆಂದಿತು (1998).

ವಿಮಾ ಕಂಪನಿಯಿಂದ ಬರುವ ಮೊದಲ ಉತ್ತರ ಸಾಮಾನ್ಯವಾಗಿ ನಿರಾಕರಣೆ, ಇಲ್ಲವೇ ‘ನಮ್ಮ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಪರಿಶೀಲಿಸುತ್ತೇವೆ’ ಎಂಬ ಉದ್ದ ಪತ್ರ. ಇದನ್ನೇ ಕೊನೆಯ ಮಾತೆಂದು ತಿಳಿದು ಕೈಚೆಲ್ಲುವವರಿದ್ದಾರೆ, ಹಾಗೆ ಮಾಡಬಾರದು. ಆ ಪತ್ರದಲ್ಲಿ ಎರಡು ಆಕ್ಷೇಪ ಹೆಚ್ಚುಕಡಿಮೆ ಖಾತ್ರಿ. ಒಂದು, ಪಾಲಿಸಿದಾರನ ಸ್ವಂತ ಆಸ್ತಿಗಾದ ಹಾನಿಗೆ ವಿಮೆ ಇಲ್ಲ ಎಂಬುದು. ಇದಕ್ಕೆ ಉತ್ತರ ಅಂತರ್ಜಲದಲ್ಲಿದೆ: ಬಹಳ ಕಡೆ ಅಂತರ್ಜಲವನ್ನು ಜಾಗದ ಮಾಲೀಕನ ಸ್ವಂತ ಆಸ್ತಿಯೆಂದು ಎಣಿಸುವುದಿಲ್ಲ, ವಿಷ ನೀರಿಗೆ ತಲುಪಿದ್ದರೆ ಅಥವಾ ಪಕ್ಕದ ಜಾಗಕ್ಕೆ ದಾಟಿದ್ದರೆ ಅದು ಇತರರ ಆಸ್ತಿಯ ಹಾನಿ. ಹಾಗಾಗಿ ಅಂತರ್ಜಲದ ಮಾದರಿಗಳು ವಿಮೆಯ ದೃಷ್ಟಿಯಿಂದಲೂ ಮುಖ್ಯ ಸಾಕ್ಷ್ಯ. ಎರಡನೆಯದು, ಹಾನಿ ಆಗುವುದೆಂದು ನಿಮಗೆ ಗೊತ್ತಿತ್ತು ಎಂಬುದು. ದ್ರಾವಕವನ್ನು ಹಿತ್ತಲಿಗೆ ಸುರಿಯಬೇಡಿ ಎಂದು ಎಚ್ಚರಿಸಿದ 1972ರ ಪತ್ರವೊಂದು ಕಂಪನಿಯ ಕಡತದಲ್ಲೇ ಇದ್ದರೆ ಕೇಸು ಅಲ್ಲಿಗೆ ನಿಲ್ಲಬಹುದು. ತಡವಾಗಿ ತಿಳಿಸಿದಿರಿ ಎಂಬ ಆಕ್ಷೇಪವೂ ಬರುತ್ತದೆ. ತಡದಿಂದ ತನಗೆ ನಿಜಕ್ಕೂ ತೊಂದರೆಯಾಯಿತೆಂದು ವಿಮಾ ಕಂಪನಿಯೇ ತೋರಿಸಬೇಕು ಎಂಬುದು ಹೆಚ್ಚಿನ ರಾಜ್ಯಗಳ ನಿಯಮ.

ಯಾರ ಪಾಲು ಎಷ್ಟು

ಲೆಕ್ಕ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ. ಒಂದು ಕಾರ್ಖಾನೆಯಲ್ಲಿ 1961ರಿಂದ 2010ರವರೆಗೆ, 50 ವರ್ಷ ಹಾನಿ ಆಗಿದೆ. 1961ರಿಂದ 1985ರವರೆಗಿನ 25 ವರ್ಷಕ್ಕೆ ಮಾತ್ರ ಉಪಯೋಗಕ್ಕೆ ಬರುವ ಪಾಲಿಸಿಗಳಿವೆ, ವರ್ಷಕ್ಕೆ 3 ಲಕ್ಷ ಡಾಲರ್ ಮಿತಿ. ಶುದ್ಧೀಕರಣದ ಖರ್ಚು 40 ಲಕ್ಷ ಡಾಲರ್. ವರ್ಷಗಳಿಗೆ ಸಮನಾಗಿ ಹಂಚುವ ರಾಜ್ಯದಲ್ಲಿ ವರ್ಷಕ್ಕೆ 80 ಸಾವಿರ, ವಿಮೆಯಿಂದ 20 ಲಕ್ಷ, ಉಳಿದ 20 ಲಕ್ಷ ಮಾಲೀಕನ ತಲೆಗೆ. ಮಾರುಕಟ್ಟೆಯಲ್ಲಿ ಮಾಲಿನ್ಯ ವಿಮೆ ಸಿಗದೇ ಇದ್ದ ವರ್ಷಗಳನ್ನು ಮಾಲೀಕನ ಲೆಕ್ಕಕ್ಕೆ ಹಾಕಬಾರದು ಎಂಬ ವಿನಾಯಿತಿ ನ್ಯೂಜೆರ್ಸಿಯಂಥ ಕಡೆ ಉಂಟು. ‘ಪೂರ್ತಿ ಮೊತ್ತ’ ಪದ್ಧತಿಯ ರಾಜ್ಯದಲ್ಲಾದರೆ ಹಾನಿಯ ಸ್ವಲ್ಪ ಭಾಗ ತನ್ನ ಅವಧಿಯಲ್ಲಿ ಆಗಿದ್ದರೂ ಆ ಪಾಲಿಸಿ ತನ್ನ ಮಿತಿಯವರೆಗೆ ಪೂರ್ತಿ ಕೊಡಬೇಕು. ಮಿತಿಗಳನ್ನು ಒಂದರ ಮೇಲೊಂದು ಪೇರಿಸಲು ಬಿಟ್ಟರೆ 25 ವರ್ಷದ 75 ಲಕ್ಷ ಕೈಗೆಟುಕುತ್ತದೆ, 40 ಲಕ್ಷವೂ ವಿಮೆಯಿಂದಲೇ ಬರುತ್ತದೆ. ಅದೇ ನೆಲ, ಅದೇ ವಿಷ, ಅವೇ ಪಾಲಿಸಿಗಳು. ರಾಜ್ಯದ ಗಡಿ ಬದಲಾದರೆ 20 ಲಕ್ಷದ ವ್ಯತ್ಯಾಸ.

ಪೇರಿಸುವ ಪದ್ಧತಿಗೆ ಕ್ಯಾಲಿಫೋರ್ನಿಯಾ ಮುದ್ರೆ ಒತ್ತಿದ್ದು 2012ರಲ್ಲಿ, ಆ ಪ್ರಕರಣದಲ್ಲಿ ಪಾಲಿಸಿದಾರ ಯಾವುದೋ ಕಾರ್ಖಾನೆಯಲ್ಲ, ಕ್ಯಾಲಿಫೋರ್ನಿಯಾ ಸರ್ಕಾರವೇ. ರಿವರ್‌ಸೈಡ್ ಕೌಂಟಿಯ ಸ್ಟ್ರಿಂಗ್‌ಫೆಲೋ ಆಮ್ಲಗುಂಡಿಗಳ ಜಾಗವನ್ನು ಆರಿಸಿ, ರೂಪಿಸಿದ್ದು ಸರ್ಕಾರ. ತಳದ ಬಂಡೆಯಲ್ಲಿ ನೀರು ಇಂಗುವುದಿಲ್ಲ ಎಂದು ನಂಬಲಾಗಿತ್ತು, ಬಂಡೆ ಬಿರುಕು ಬಿಟ್ಟದ್ದಾಗಿತ್ತು. 1956ರಿಂದ 1972ರವರೆಗೆ 3.4 ಕೋಟಿ ಗ್ಯಾಲನ್, ಅಂದರೆ ಸುಮಾರು 12.9 ಕೋಟಿ ಲೀಟರ್ ಕೈಗಾರಿಕಾ ದ್ರವ ಕಸ ಅಲ್ಲಿಗೆ ಬಂತು. ಖರ್ಚು 70 ಕೋಟಿ ಡಾಲರ್ ಮುಟ್ಟಬಹುದು ಎಂದು ಸರ್ಕಾರ ವಾದಿಸಿತ್ತು. ತೆರಿಗೆದಾರರ ಮೇಲಿನ ಹೊರೆಯನ್ನು ಇಳಿಸಲು ಸರ್ಕಾರವೂ 1960, 70ರ ದಶಕದ ತನ್ನ ಹಳೆಯ ಪಾಲಿಸಿಗಳನ್ನೇ ಹಿಡಿದು ಕೋರ್ಟಿಗೆ ಹೋಯಿತು.

ಆರೆಗಾನ್ ರಾಜ್ಯ 1999ರಲ್ಲಿ ಇಂಥ ಶುದ್ಧೀಕರಣದ ವಿಮಾ ಕ್ಲೇಮುಗಳಿಗೆಂದೇ ಒಂದು ಕಾನೂನು ಮಾಡಿ, 2003 ಮತ್ತು 2013ರಲ್ಲಿ ಬಿಗಿಗೊಳಿಸಿತು. ಕಳೆದುಹೋದ ಪಾಲಿಸಿಯ ಬಗ್ಗೆ ಕೇಳಿದರೆ ವಿಮಾ ಕಂಪನಿಯೂ ತನ್ನ ಕಡತ ಶೋಧಿಸಿ ಸಿಕ್ಕಿದ್ದನ್ನು ಕೊಡಬೇಕು ಎಂಬುದು ಅದರ ಒಂದು ನಿಯಮ. ಈ ಒಂದು ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕಿತ್ತು.

ರಾಜಿಯ ಹೊತ್ತಿನಲ್ಲಿ

ಹೆಚ್ಚಿನ ಕ್ಲೇಮುಗಳು ತೀರ್ಪಿನವರೆಗೆ ಹೋಗದೆ ರಾಜಿಯಲ್ಲಿ ಮುಗಿಯುತ್ತವೆ. ಒಂದು ಬಗೆಯಲ್ಲಿ ವಿಮಾ ಕಂಪನಿ ಖರ್ಚಿನ ಗೊತ್ತುಪಡಿಸಿದ ಶೇಕಡಾ ಪಾಲನ್ನು ಬಿಲ್ಲು ಬಂದಂತೆ ಕೊಡುತ್ತಾ ಹೋಗುತ್ತದೆ. ಇನ್ನೊಂದರಲ್ಲಿ ಒಂದೇ ಗಂಟು ಕೊಟ್ಟು ಆ ಒಂದು ಜಾಗದ ಮಟ್ಟಿಗೆ ಬಿಡುಗಡೆ ಬರೆಸಿಕೊಳ್ಳುತ್ತದೆ. ಮೂರನೆಯದರಲ್ಲಿ ಹಣ ಕೊಟ್ಟು ಪಾಲಿಸಿಯನ್ನೇ ವಾಪಸ್ ಕೊಳ್ಳುತ್ತದೆ. ಆಮೇಲೆ ಆ ಪಾಲಿಸಿ ಎಂದೂ ಇರಲೇ ಇಲ್ಲವೆಂಬಂತೆ. ಗಂಟು ದೊಡ್ಡದಾಗಿ ಕಾಣುವುದು ಈ ಮೂರನೆಯದರಲ್ಲೇ, ಎಚ್ಚರ ಬೇಕಾದದ್ದೂ ಅಲ್ಲೇ. ಪಂಪು ಇಟ್ಟು ಹತ್ತು ವರ್ಷ ನೀರು ಶೋಧಿಸಿದರೂ ಜೇಡಿಯಲ್ಲಿ ಕೂತ ದ್ರಾವಕ ಮತ್ತೆ ಬಿಡುಗಡೆಯಾಗಿ ಅಂಕಿ ಏರುವುದುಂಟು. ಮಣ್ಣಿನಿಂದ ಆವಿ ಎದ್ದು ಪಕ್ಕದ ಮನೆಗಳೊಳಗೆ ಸೇರುವುದು ತಡವಾಗಿ ಪತ್ತೆಯಾಗುತ್ತದೆ. ಅಂದಾಜು ಪಟ್ಟಿಯಲ್ಲಿ ಇವೆರಡಕ್ಕೂ ಹಣ ಇಡದೆ ಗಂಟಿನ ಮೊತ್ತ ಒಪ್ಪಬಾರದು.

2024ರ ಏಪ್ರಿಲ್‌ನಲ್ಲಿ ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ ಪಿಎಫ್‌ಒಎ, ಪಿಎಫ್‌ಒಎಸ್ ಎಂಬ ಎರಡು ರಾಸಾಯನಿಕಗಳನ್ನು ಸೂಪರ್‌ಫಂಡ್ ಕಾನೂನಿನ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಿತು. ಇವೆರಡನ್ನೂ ಕೈಗಾರಿಕೆಗಳು ದಶಕಗಳಿಂದ ಬಳಸಿವೆ, 1960, 70ರ ಪಾಲಿಸಿಗಳ ಕಾಲಕ್ಕೂ ಆ ಬಳಕೆ ಚಾಚಿದೆ. ದ್ರಾವಕದ ಒಂದು ಜಾಗದ ಲೆಕ್ಕ ಚುಕ್ತಾ ಮಾಡುವಾಗ ಇಡೀ ಪಾಲಿಸಿಯನ್ನೇ ಮಾರಿಬಿಟ್ಟ ಕಂಪನಿಗೆ ಈಗ ಅದೇ ನೆಲದಲ್ಲಿ ಈ ವಸ್ತುಗಳು ಸಿಕ್ಕರೆ, ಆ ವರ್ಷಗಳ ಚೌಕಗಳು ಖಾಲಿ. ಬಿಡುಗಡೆ ಪತ್ರದಲ್ಲಿ ಜಾಗದ ಸರ್ವೆ ವಿವರ, ವಸ್ತುಗಳ ಹೆಸರು, ಸರ್ಕಾರಿ ಆದೇಶದ ಸಂಖ್ಯೆ ಬರೆಸಿ, ಅಷ್ಟಕ್ಕೆ ಮಾತ್ರ ಸಹಿ ಹಾಕಬೇಕು. ವಿಮಾ ಕಂಪನಿ ಅದಕ್ಕಿಂತ ಹೆಚ್ಚು ಬಿಡುಗಡೆ ಕೇಳಿದರೆ, ಆ ಹೆಚ್ಚಿನದಕ್ಕೆ ಬೇರೆ ಬೆಲೆ ಕಟ್ಟಿ ಬೇರೆ ಸಾಲಿನಲ್ಲಿ ಬರೆಸಬೇಕು.